ಅಪರಿಚಿತ ಗಣಕವನ್ನು ಎಷ್ಟು ನಂಬಬೇಕು?

ಒಂದು ದೊಡ್ಡ ಲೆಕ್ಕವಿದೆ ಎಂದುಕೊಳ್ಳಿ. ಒಂದೇ ಗಣಕಯಂತ್ರ ಅದನ್ನು ಮಾಡಿ ಮುಗಿಸಲು ನೂರಾರು ವರ್ಷ ಬೇಕು. ಅದೇ ಲೆಕ್ಕವನ್ನು ಲಕ್ಷ ಚೂರುಗಳಾಗಿ ಒಡೆದು, ಲಕ್ಷ ಗಣಕಗಳಿಗೆ ಹಂಚಿಬಿಟ್ಟರೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತಾರಲ್ಲ, ಹಾಗೆ. ಹೀಗೆ ಕೆಲಸವನ್ನು ಅನೇಕ ಗಣಕಗಳಿಗೆ ಹಂಚಿ ಮಾಡಿಸುವುದಕ್ಕೆ ವಿತರಿತ ಗಣನೆ ಎಂದು ಹೆಸರು.

ಕೇಳಲು ಸುಲಭ. ಆದರೆ ಒಂದು ತೊಡಕಿದೆ. ಆ ಲಕ್ಷ ಗಣಕಗಳು ನಿಮ್ಮವಲ್ಲ. ಅವುಗಳ ಒಡೆಯರು ಯಾರೆಂದು ನಿಮಗೆ ಗೊತ್ತಿಲ್ಲ. ಯಂತ್ರ ಸುಸ್ಥಿತಿಯಲ್ಲಿದೆಯೇ, ಕೊಟ್ಟ ಕೆಲಸವನ್ನು ನಿಜವಾಗಿ ಮಾಡಿತೇ, ಅಥವಾ ಬಾಯಿಗೆ ಬಂದ ಸಂಖ್ಯೆಯನ್ನು ಉತ್ತರವೆಂದು ಕಳಿಸಿತೇ, ಒಂದೂ ತಿಳಿಯದು. ಎಲ್ಲವನ್ನೂ ನಂಬಿದರೆ ತಪ್ಪು ಉತ್ತರಗಳು ಒಳಗೆ ನುಗ್ಗುತ್ತವೆ. ಯಾವುದನ್ನೂ ನಂಬದೆ ಪ್ರತಿಯೊಂದನ್ನೂ ಮತ್ತೆ ಮಾಡಿಸಿದರೆ ಅರ್ಧಕ್ಕರ್ಧ ಶಕ್ತಿ ಪರಿಶೀಲನೆಗೇ ಹೋಗುತ್ತದೆ. ಇವೆರಡರ ನಡುವಿನ ದಾರಿಯನ್ನು ವಿಜ್ಞಾನಿಗಳು ಹೇಗೆ ಕಂಡುಕೊಂಡರು ಎಂಬುದೇ ಈ ಲೇಖನದ ವಿಷಯ. ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಬಿಡಿಸಿ ಹೇಳಲಾಗದ ಸಣ್ಣ ಲೆಕ್ಕಗಳನ್ನು ಇಲ್ಲಿ ಕೊಟ್ಟಿದೆ. ಪೆನ್ಸಿಲು, ಕಾಗದ ಹತ್ತಿರವಿಟ್ಟುಕೊಂಡು ಓದಿ.

ಆಕಾಶದ ಸದ್ದು, ಮನೆಯ ಗಣಕ

ಈ ಕಥೆಯ ಅತ್ಯಂತ ಪ್ರಸಿದ್ಧ ಅಧ್ಯಾಯ ಆರಂಭವಾದದ್ದು 1999ರ ಮೇ 17ರಂದು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 'ಸೆಟಿ ಅಟ್ ಹೋಮ್' ಎಂಬ ಯೋಜನೆಯನ್ನು ಅಂದು ಸಾರ್ವಜನಿಕರಿಗೆ ತೆರೆಯಿತು. ಭೂಮಿಯಾಚೆ ಎಲ್ಲಿಯಾದರೂ ಬುದ್ಧಿವಂತ ಜೀವಿಗಳಿದ್ದು ರೇಡಿಯೋ ಸಂಕೇತ ಕಳಿಸುತ್ತಿರಬಹುದೇ ಎಂದು ಹುಡುಕುವುದು ಅದರ ಉದ್ದೇಶ. ಪೋರ್ಟೊರಿಕೋ ದ್ವೀಪದ ಅರೆಸಿಬೋದಲ್ಲಿ 305 ಮೀಟರ್ ಅಗಲದ ಬೃಹತ್ ರೇಡಿಯೋ ದೂರದರ್ಶಕವಿತ್ತು. ಅದು ಆಕಾಶದಿಂದ ಹಿಡಿದ ಅಲೆಗಳನ್ನು ದಾಖಲಿಸಿ ಬರ್ಕ್ಲಿಗೆ ತರುತ್ತಿದ್ದರು. ಅಲ್ಲಿ ಅದನ್ನು ಸುಮಾರು 107 ಸೆಕೆಂಡುಗಳ ಸಣ್ಣ ತುಣುಕುಗಳಾಗಿ ಕತ್ತರಿಸಿ, ಅಂತರಜಾಲದ ಮೂಲಕ ಜನರ ಮನೆಯ ಗಣಕಗಳಿಗೆ ಕಳಿಸುತ್ತಿದ್ದರು. ಮನೆಯವರು ಕೀಲಿಮಣೆ ಬಿಟ್ಟು ಊಟಕ್ಕೋ ನಿದ್ದೆಗೋ ಹೋದಾಗ, ಸುಮ್ಮನೆ ಕುಳಿತಿದ್ದ ಗಣಕ ಆ ತುಣುಕನ್ನು ಜಾಲಾಡಿ ಫಲಿತಾಂಶವನ್ನು ವಾಪಸು ಕಳಿಸುತ್ತಿತ್ತು.

ಕಾಲಾಂತರದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಪಾಲ್ಗೊಂಡರು. 2020ರ ಮಾರ್ಚ್ 31ರಂದು ಹೊಸ ತುಣುಕುಗಳನ್ನು ಕಳಿಸುವುದನ್ನು ನಿಲ್ಲಿಸಲಾಯಿತು. ಅದೇ ವರ್ಷ ಡಿಸೆಂಬರ್ 1ರಂದು ಅರೆಸಿಬೋದ ದೂರದರ್ಶಕವೂ ಕುಸಿದುಬಿತ್ತು. ಅನ್ಯಲೋಕದ ಜೀವಿಗಳು ಸಿಗಲಿಲ್ಲ. ಆದರೆ ಅಪರಿಚಿತರ ಗಣಕಗಳಿಂದ ನಂಬಲರ್ಹವಾದ ಕೆಲಸ ಮಾಡಿಸುವುದು ಹೇಗೆಂಬ ಪಾಠ ಸಿಕ್ಕಿತು.

ಇದೇ ಬಗೆಯ ಇನ್ನೊಂದು ಯೋಜನೆ 'ಐನ್‌ಸ್ಟೈನ್ ಅಟ್ ಹೋಮ್'. 2010ರಲ್ಲಿ ಅದು ಒಂದು ಹೊಸ ಪಲ್ಸಾರನ್ನು, ಅಂದರೆ ಅತಿ ವೇಗವಾಗಿ ಗಿರಕಿ ಹೊಡೆಯುವ ನಕ್ಷತ್ರದ ಅವಶೇಷವನ್ನು ಕಂಡುಹಿಡಿಯಿತು. ಅದು ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುತ್ತದೆ. ಅರೆಸಿಬೋದ ದಾಖಲೆಯೊಳಗೆ ಹುದುಗಿದ್ದ ಈ ಸಂಕೇತವನ್ನು ಗುರುತಿಸಿದ್ದು ಅಮೆರಿಕದ ಅಯೋವಾ ರಾಜ್ಯದ ಒಂದು ಮನೆಯ ಗಣಕ. ಕೆಲವು ದಿನಗಳ ಬಳಿಕ ಜರ್ಮನಿಯ ಮೈನ್ಜ್ ನಗರದ ಇನ್ನೊಂದು ಗಣಕವೂ ಅದನ್ನೇ ಗುರುತಿಸಿತು. ಎರಡು ಖಂಡಗಳ, ಪರಸ್ಪರ ಗುರುತೇ ಇಲ್ಲದವರ ಯಂತ್ರಗಳು ಒಂದೇ ಮಾತು ಹೇಳಿದ್ದವು. ಇದು ಆಕಸ್ಮಿಕವಲ್ಲ. ಒಂದೇ ತುಣುಕನ್ನು ಬೇಕೆಂದೇ ಇಬ್ಬರಿಗೆ ಕೊಡುವುದು ಅಲ್ಲಿನ ಪದ್ಧತಿ. ಏಕೆ ಕೊಡಬೇಕಾಗುತ್ತದೆ?

ಉತ್ತರ ತಪ್ಪುವುದು ಹೇಗೆ?

ಒಂದು ಗಣಕದಿಂದ ತಪ್ಪು ಉತ್ತರ ಬರಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಯಂತ್ರದ ದೋಷ. ಬಿಸಿಯೇರಿದ ಚಿಪ್ಪು, ಕೆಟ್ಟ ಸ್ಮೃತಿಕೋಶ, ಮಿತಿ ಮೀರಿದ ವೇಗದಲ್ಲಿ ಓಡಿಸುವ ಹವ್ಯಾಸ, ಇವೆಲ್ಲ ಉತ್ತರವನ್ನು ಕೆಡಿಸುತ್ತವೆ. ಕೆಲವೊಮ್ಮೆ ಹೊಚ್ಚ ಹೊಸ ಯಂತ್ರವೂ ತಪ್ಪಬಹುದು. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಇಂಟೆಲ್ ಕಂಪನಿಯ ಪೆಂಟಿಯಮ್ ಚಿಪ್ಪು ಭಾಗಾಕಾರದಲ್ಲಿ ತಪ್ಪುತ್ತಿರುವುದನ್ನು ಪತ್ತೆಹಚ್ಚಿದರು. 4195835ನ್ನು 3145727ರಿಂದ ಭಾಗಿಸಿ ನೋಡಿ. ಸರಿಯಾದ ಉತ್ತರ 1.33382. ಆ ಚಿಪ್ಪು ಕೊಡುತ್ತಿದ್ದದ್ದು 1.33374. ವ್ಯತ್ಯಾಸ ಚಿಕ್ಕದು. ಆದರೆ ಯಂತ್ರದ ಒಡೆಯನಿಗೆ ತನ್ನ ಗಣಕ ತಪ್ಪುತ್ತಿದೆ ಎಂಬ ಸುಳಿವೇ ಇರುವುದಿಲ್ಲ ಎಂಬುದನ್ನು ಗಮನಿಸಿ.

ಎರಡನೆಯದು ದೋಷವೇ ಅಲ್ಲದ ವ್ಯತ್ಯಾಸ. ದಶಮಾಂಶ ಸಂಖ್ಯೆಗಳನ್ನು ಬೇರೆ ಬೇರೆ ಜಾತಿಯ ಯಂತ್ರಗಳು ಸ್ವಲ್ಪ ಬೇರೆ ರೀತಿಯಲ್ಲಿ ಮೊಟಕುಗೊಳಿಸುತ್ತವೆ. ದೀರ್ಘ ಲೆಕ್ಕದಲ್ಲಿ ಈ ವ್ಯತ್ಯಾಸ ಬೆಳೆಯುತ್ತಾ ಹೋಗಿ, ಎರಡು ಪ್ರಾಮಾಣಿಕ ಯಂತ್ರಗಳ ಉತ್ತರಗಳೇ ಹೊಂದದಿರಬಹುದು. ಅದಕ್ಕಾಗಿ ಕೆಲವು ಯೋಜನೆಗಳು ಒಂದು ತುಣುಕನ್ನು ಒಂದೇ ಜಾತಿಯ ಯಂತ್ರಗಳಿಗೆ ಮಾತ್ರ ಕೊಟ್ಟು ಹೋಲಿಸುತ್ತವೆ.

ಮೂರನೆಯದು ಮೋಸ. ಸಂಬಳವಿಲ್ಲದ ಕೆಲಸದಲ್ಲಿ ಮೋಸವೇಕೆ ಎಂದು ನೀವು ಕೇಳಬಹುದು. ಸೆಟಿ ಅಟ್ ಹೋಮ್ ಮಾಡಿದ ಕೆಲಸಕ್ಕೆ ಅಂಕ ಕೊಟ್ಟು, ಹೆಚ್ಚು ಅಂಕ ಪಡೆದವರ ಪಟ್ಟಿ ಪ್ರಕಟಿಸುತ್ತಿತ್ತು. ಪಟ್ಟಿಯಲ್ಲಿ ಮೇಲೇರುವ ಆಸೆಗೆ ಕೆಲವರು ತಂತ್ರಾಂಶವನ್ನೇ ತಿದ್ದಿ, ಕೆಲಸ ಮಾಡದೆ ಸುಳ್ಳು ಫಲಿತಾಂಶ ಕಳಿಸಲಾರಂಭಿಸಿದರು. ಪರೀಕ್ಷೆಯಲ್ಲಿ ನಕಲು ಮಾಡುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಇಬ್ಬರನ್ನು ಕೇಳುವುದು

ಸರಳ ಪರಿಹಾರವೆಂದರೆ ಪ್ರತಿ ತುಣುಕನ್ನೂ ಇಬ್ಬರಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುವುದು. ಹೊಂದಿದರೆ ಸ್ವೀಕರಿಸಿ. ಹೊಂದದಿದ್ದರೆ ಮೂರನೆಯವರಿಗೆ ಕಳಿಸಿ. ಒಂದು ಗಣಕ ನೂರಕ್ಕೆ ಒಂದು ಬಾರಿ ತಪ್ಪುತ್ತದೆ ಎಂದಿಟ್ಟುಕೊಳ್ಳೋಣ. ಪರಸ್ಪರ ಸಂಬಂಧವಿಲ್ಲದ ಎರಡು ಗಣಕಗಳು ಒಂದೇ ತುಣುಕಿನಲ್ಲಿ ತಪ್ಪುವ ಸಂಭವ ನೂರನ್ನು ನೂರರಿಂದ ಗುಣಿಸಿದಷ್ಟು ಅಪರೂಪ, ಅಂದರೆ 10,000ಕ್ಕೆ ಒಂದು. ಎರಡೂ ಒಂದೇ ತಪ್ಪು ಉತ್ತರ ಕೊಡುವುದಂತೂ ಇನ್ನೂ ಅಪರೂಪ.

ಆದರೆ ಬೆಲೆ ನೋಡಿ. 1000 ತುಣುಕುಗಳಿಗೆ 2000 ಬಾರಿ ಕೆಲಸ. ಜನ ಉದಾರವಾಗಿ ಕೊಟ್ಟ ವಿದ್ಯುತ್ತು, ಸಮಯ, ಯಂತ್ರಶಕ್ತಿಯಲ್ಲಿ ಅರ್ಧ ಭಾಗ ಹೊಸದೇನನ್ನೂ ಕಂಡುಹಿಡಿಯುವುದಿಲ್ಲ. ಆ ಶಕ್ತಿಯಲ್ಲಿ ಇನ್ನೊಂದು ಪಲ್ಸಾರ್ ಸಿಗಬಹುದಿತ್ತು, ಒಂದು ರೋಗಕ್ಕೆ ಸಂಬಂಧಿಸಿದ ಪ್ರೋಟೀನಿನ ರಚನೆ ತಿಳಿಯಬಹುದಿತ್ತು.

ಎರಡನೆಯ ಉಪಾಯ ಗುಪ್ತ ಪರೀಕ್ಷೆ. ಉತ್ತರ ಮೊದಲೇ ಗೊತ್ತಿರುವ ಕೆಲವು ತುಣುಕುಗಳನ್ನು ಬೇರೆಯವುಗಳ ನಡುವೆ ಬೆರೆಸಿ ಕಳಿಸುವುದು. ಯಾವುದು ಪರೀಕ್ಷೆ, ಯಾವುದು ನಿಜವಾದ ಕೆಲಸ ಎಂದು ಪಡೆದವನಿಗೆ ತಿಳಿಯುವುದಿಲ್ಲ. ಹತ್ತಕ್ಕೆ ಒಂದು ಪರೀಕ್ಷೆಯಾಗಿದ್ದು, ಮೋಸಗಾರ ಪ್ರತಿ ಬಾರಿಯೂ ಸುಳ್ಳು ಹೇಳಿದರೆ, ಒಂದು ತುಣುಕಿನಲ್ಲಿ ಅವನು ಪಾರಾಗುವ ಸಂಭವ 0.9. ಇಪ್ಪತ್ತು ತುಣುಕುಗಳಲ್ಲಿ ಪಾರಾಗಬೇಕಾದರೆ 0.9ನ್ನು ಇಪ್ಪತ್ತು ಬಾರಿ ಗುಣಿಸಬೇಕು. ಉತ್ತರ ಸುಮಾರು 0.12. ಐವತ್ತು ತುಣುಕುಗಳಾದರೆ ಕೇವಲ 0.005. ಅಂದರೆ ಇನ್ನೂರು ಮೋಸಗಾರರಲ್ಲಿ ಒಬ್ಬ ಮಾತ್ರ ಐವತ್ತು ತುಣುಕುಗಳ ತನಕ ತಲೆಮರೆಸಿಕೊಂಡಿರಬಲ್ಲ. ಸ್ವಲ್ಪ ಪರೀಕ್ಷೆಯೂ ದೀರ್ಘಕಾಲ ನಡೆದರೆ ಬಹಳ ಕೆಲಸ ಮಾಡುತ್ತದೆ.

ಇದರಿಂದ ಒಂದು ಮುಖ್ಯ ವಿಚಾರ ಹೊಳೆಯುತ್ತದೆ. ಐವತ್ತು ಬಾರಿ ಸರಿಯಾಗಿ ನಡೆದುಕೊಂಡ ಗಣಕವೂ ಇಂದು ಬೆಳಿಗ್ಗೆ ಸೇರಿದ ಗಣಕವೂ ಒಂದೇ ಅಲ್ಲ. ಹಾಗಿದ್ದ ಮೇಲೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಪರಿಶೀಲಿಸುವುದೇಕೆ?

ನಂಬಿಕೆಗೆ ಒಂದು ಸಂಖ್ಯೆ

ಊರಿನ ಅಂಗಡಿಯವರ ಸಾಲದ ಪುಸ್ತಕವನ್ನು ನೆನಪಿಸಿಕೊಳ್ಳಿ. ಹೊಸಬರಿಗೆ ಸಾಲವಿಲ್ಲ. ತಿಂಗಳು ತಿಂಗಳೂ ತಪ್ಪದೆ ಕೊಡುವವರಿಗೆ ಮಿತಿ ಏರುತ್ತದೆ. ಒಮ್ಮೆ ಕೈಕೊಟ್ಟರೆ ಮತ್ತೆ ರೊಕ್ಕವೇ. ಅಂಗಡಿಯವರು ಮನಸ್ಸಿನಲ್ಲೇ ಮಾಡುವ ಈ ಲೆಕ್ಕವನ್ನು ಗಣಕಕ್ಕೆ ಕಲಿಸಬೇಕಾದರೆ ಒಂದು ಸೂತ್ರ ಬೇಕು. ಅನೇಕ ಸೂತ್ರಗಳಿವೆ. ಅತಿ ಸರಳವಾದದ್ದು ಇದು:

ನಂಬಿಕೆ = (ಸರಿಯಾದ ಸಲ + 1) ÷ (ಒಟ್ಟು ಸಲ + 2)

ಇದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೆಸರಿನಲ್ಲಿ ಪ್ರಸಿದ್ಧವಾದ ಹಳೆಯ ನಿಯಮ. ಹೊಸ ಗಣಕಕ್ಕೆ ಅನುಭವವೇ ಇಲ್ಲ. ಆದ್ದರಿಂದ 1ನ್ನು 2ರಿಂದ ಭಾಗಿಸಿ 0.5, ಅಂದರೆ ಇತ್ತಲೂ ಅಲ್ಲ, ಅತ್ತಲೂ ಅಲ್ಲ. ಒಂದು ಬಾರಿ ಸರಿಯಾದರೆ 0.67. ಹತ್ತರಲ್ಲಿ ಒಂಬತ್ತು ಸರಿಯಾದರೆ 10 ಭಾಗಿಸು 12, ಅಂದರೆ 0.83. ನೂರರಲ್ಲಿ ತೊಂಬತ್ತು ಸರಿಯಾದರೆ 91 ಭಾಗಿಸು 102, ಅಂದರೆ 0.89. ಕೊನೆಯ ಎರಡನ್ನು ಹೋಲಿಸಿ. ಶೇಕಡಾ ಲೆಕ್ಕದಲ್ಲಿ ಎರಡೂ 90. ಆದರೂ ಎರಡನೆಯದರ ಮೇಲೆ ನಂಬಿಕೆ ಹೆಚ್ಚು, ಏಕೆಂದರೆ ಅದರ ಹಿಂದಿರುವ ಅನುಭವ ಹೆಚ್ಚು. ಇನ್ನೂ ಒಂದು ವಿಶೇಷ: ಎಷ್ಟೇ ಬಾರಿ ಸರಿಯಾಗಿದ್ದರೂ ಈ ಸಂಖ್ಯೆ ಪೂರ್ಣ 1 ಆಗುವುದಿಲ್ಲ. 98ಕ್ಕೆ 98 ಸರಿಯಾದರೂ 0.99ಕ್ಕೆ ನಿಲ್ಲುತ್ತದೆ.

ಹಳೆಯ ಒಳ್ಳೆಯತನ ಎಂದೆಂದಿಗೂ ನಡೆಯಬಾರದು. ಕಳೆದ ವರ್ಷ ಚೆನ್ನಾಗಿದ್ದ ಯಂತ್ರ ಈ ವರ್ಷ ಕೆಟ್ಟಿರಬಹುದು. ಆದ್ದರಿಂದ ಪ್ರತಿ ವಾರವೂ ಹಳೆಯ ಲೆಕ್ಕವನ್ನು, ಉದಾಹರಣೆಗೆ, 0.9ರಿಂದ ಗುಣಿಸುತ್ತಾರೆ. ಹತ್ತು ವಾರಗಳ ಹಿಂದಿನ ಒಂದು ಒಳ್ಳೆಯ ಕೆಲಸಕ್ಕೆ ಆಗ ಉಳಿಯುವ ಬೆಲೆ 0.35 ಮಾತ್ರ. ನೆನಪಿನ ಜೊತೆಗೆ ಮರೆವನ್ನೂ ಲೆಕ್ಕಕ್ಕೆ ತಂದಂತಾಯಿತು.

ಈಗ ನಿಜವಾದ ಬಳಕೆಗೆ ಬರೋಣ. ಸೆಟಿ ಅಟ್ ಹೋಮ್ ಯೋಜನೆಯ ಡೇವಿಡ್ ಆಂಡರ್ಸನ್ 2002ರಲ್ಲಿ 'ಬೋಯಿಂಕ್' ಎಂಬ ಸಾಮಾನ್ಯ ವೇದಿಕೆಯನ್ನು ಆರಂಭಿಸಿದರು. ಅನೇಕ ವಿಜ್ಞಾನ ಯೋಜನೆಗಳು ಇದನ್ನು ಬಳಸುತ್ತವೆ. ಬೇಕಾದ ಯೋಜನೆಗಳಿಗೆ ಇದರಲ್ಲಿ ಒಂದು ಸೌಲಭ್ಯವಿದೆ. ಪ್ರತಿ ಗಣಕವೂ ಸತತವಾಗಿ ಎಷ್ಟು ಬಾರಿ ಸರಿ ಉತ್ತರ ಕೊಟ್ಟಿದೆ ಎಂದು ಕೇಂದ್ರ ಬರೆದಿಟ್ಟುಕೊಳ್ಳುತ್ತದೆ. ಈ ಎಣಿಕೆ ಒಂದು ಗೆರೆ ದಾಟುವ ತನಕ ಅದರ ಪ್ರತಿ ಉತ್ತರವನ್ನೂ ಇನ್ನೊಂದು ಗಣಕದೊಡನೆ ತಾಳೆ ನೋಡುತ್ತದೆ. ಗೆರೆ ದಾಟಿದ ಮೇಲೆ ಕೆಲವನ್ನು ಮಾತ್ರ. ಎಣಿಕೆ ಏರಿದಂತೆಲ್ಲ ತಾಳೆ ನೋಡುವುದು ಇನ್ನಷ್ಟು ವಿರಳವಾಗುತ್ತದೆ. ಒಂದೇ ಒಂದು ತಪ್ಪು ಸಿಕ್ಕಿದರೂ ಎಣಿಕೆ ಸೊನ್ನೆಗೆ ಇಳಿಯುತ್ತದೆ.

ಲಾಭವೆಷ್ಟು? ನಂಬಿಕೆ ಗಳಿಸಿದ ಗಣಕಗಳ ಉತ್ತರಗಳಲ್ಲಿ ನೂರಕ್ಕೆ ಐದನ್ನು ಮಾತ್ರ ತಾಳೆ ನೋಡುತ್ತೇವೆ ಎಂದುಕೊಳ್ಳಿ. 1000 ತುಣುಕುಗಳಿಗೆ ಈಗ ಬೇಕಾದದ್ದು 1050 ಬಾರಿಯ ಕೆಲಸ. ಮೊದಲು 2000 ಬೇಕಿತ್ತು. ಹೊಸ ಯಂತ್ರ ಒಂದನ್ನೂ ಕೊಳ್ಳದೆ ಹೆಚ್ಚುಕಡಿಮೆ ಎರಡರಷ್ಟು ವಿಜ್ಞಾನ ನಡೆಯಿತು. ನಂಬಿಕೆ ಎಂಬುದು ಇಲ್ಲಿ ಬರೀ ಸದ್ಗುಣವಲ್ಲ, ಉಳಿತಾಯ.

ಈ ಲೆಕ್ಕವನ್ನೆಲ್ಲ ಮಾಡುವವರು ಯಾರು?

ಲಕ್ಷಾಂತರ ಗಣಕಗಳ ಸಾಲದ ಪುಸ್ತಕವನ್ನು ಮನುಷ್ಯರು ಕುಳಿತು ಬರೆಯಲಾರರು. ಇಲ್ಲಿ ಬರುವವನೇ ತಂತ್ರಾಂಶ ಏಜೆಂಟು. ಸಾಮಾನ್ಯ ತಂತ್ರಾಂಶ ನೀವು ಹೇಳಿದ ಹೆಜ್ಜೆಗಳನ್ನು ಹೇಳಿದ ಕ್ರಮದಲ್ಲಿ ಹಾಕುತ್ತದೆ. ಏಜೆಂಟಿಗೆ ನೀವು ಕೊಡುವುದು ಗುರಿಯನ್ನು. ಸುತ್ತಲಿನ ಸ್ಥಿತಿ ನೋಡಿ, ಬೇರೆ ಏಜೆಂಟುಗಳೊಡನೆ ಮಾತುಕತೆ ನಡೆಸಿ, ಹೆಜ್ಜೆಗಳನ್ನು ಅದೇ ನಿರ್ಧರಿಸುತ್ತದೆ. ಮದುವೆ ಮನೆಗೆ ಅಡಿಗೆಯವರನ್ನು ಗೊತ್ತುಮಾಡುವ ಸೋದರಮಾವನನ್ನು ಊಹಿಸಿಕೊಳ್ಳಿ. ಐನೂರು ಜನರ ಊಟ ಹೊತ್ತಿಗೆ ಸರಿಯಾಗಿ ಆಗಬೇಕು ಎಂದಷ್ಟೇ ನೀವು ಹೇಳುತ್ತೀರಿ. ಯಾರನ್ನು ವಿಚಾರಿಸಬೇಕು, ಕಳೆದ ಬಾರಿ ತಡಮಾಡಿದವರು ಯಾರು, ದರ ಎಷ್ಟು, ಎಲ್ಲ ಅವರ ತಲೆಯಲ್ಲಿರುತ್ತದೆ.

ಏಜೆಂಟುಗಳು ಕೆಲಸ ಹಂಚಿಕೊಳ್ಳುವ ಒಂದು ಪ್ರಸಿದ್ಧ ಕ್ರಮವನ್ನು ರೀಡ್ ಸ್ಮಿತ್ ಎಂಬ ವಿಜ್ಞಾನಿ 1980ರಲ್ಲಿ ಪ್ರಕಟಿಸಿದರು. ನಮಗೆ ಪರಿಚಿತವಾದ ಟೆಂಡರಿನ ಕ್ರಮವೇ ಅದು. ಕೆಲಸವಿರುವ ಏಜೆಂಟು ಪ್ರಕಟಣೆ ಹೊರಡಿಸುತ್ತದೆ. ಬಿಡುವಿರುವ ಏಜೆಂಟುಗಳು, ಇಷ್ಟು ಹೊತ್ತಿನಲ್ಲಿ ಮಾಡಿಕೊಡುತ್ತೇವೆ ಎಂದು ಬಿಡ್ ಸಲ್ಲಿಸುತ್ತವೆ. ಮೇಲೆನಿಸಿದ ಬಿಡ್ಡಿಗೆ ಕೆಲಸ ಸಿಗುತ್ತದೆ. ಆದರೆ ಹೇಳಿದಂತೆ ನಡೆಯುತ್ತದೆ ಎಂಬುದಕ್ಕೆ ಭರವಸೆ ಏನು?

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಮಾರ್ಷ್ 1994ರಲ್ಲಿ ಮಂಡಿಸಿದ ಡಾಕ್ಟರೇಟ್ ಪ್ರಬಂಧ, ನಂಬಿಕೆಯನ್ನು ಗಣಕ ಲೆಕ್ಕ ಹಾಕಬಲ್ಲ ಸಂಖ್ಯೆಯಾಗಿ ರೂಪಿಸಿದ ಮೊದಲ ಪ್ರಯತ್ನಗಳಲ್ಲಿ ಒಂದು. ನಂಬಿಕೆ ಸಂದರ್ಭಕ್ಕೆ ತಕ್ಕಂತೆ ಬೇರೆಯಾಗುತ್ತದೆ ಎಂಬುದು ಅದರ ಒಂದು ಮುಖ್ಯ ಮಾತು. ಸೊಗಸಾಗಿ ಅಡಿಗೆ ಮಾಡುತ್ತಾರೆಂದು ನಾವು ಅಡಿಗೆಯವರ ಕೈಯಲ್ಲಿ ಹಲ್ಲು ಕೀಳಿಸಿಕೊಳ್ಳುವುದಿಲ್ಲ. ಹಾಗೆಯೇ ಚಿಕ್ಕ ಲೆಕ್ಕಗಳಲ್ಲಿ ನಂಬಬಹುದಾದ ಗಣಕವನ್ನು ಹತ್ತು ಗಂಟೆ ಎಡೆಬಿಡದೆ ಓಡಬೇಕಾದ ಕೆಲಸಕ್ಕೆ ನಂಬಲಾಗದಿರಬಹುದು. ಆದ್ದರಿಂದ ಏಜೆಂಟು ಒಂದೊಂದು ಬಗೆಯ ಕೆಲಸಕ್ಕೂ ಬೇರೆ ಬೇರೆ ಅಂಕ ಇಡುತ್ತದೆ.

ಸೇವೆಯ ಗುಣಮಟ್ಟ ಇದರಿಂದ ಹೇಗೆ ಸುಧಾರಿಸುತ್ತದೆ? ಒಂದು ಲೆಕ್ಕ ನೋಡೋಣ. ಎರಡು ಗಣಕಗಳು ಬಿಡ್ ಸಲ್ಲಿಸಿವೆ. ಮೊದಲನೆಯದು 10 ನಿಮಿಷದಲ್ಲಿ ಮುಗಿಸುತ್ತೇನೆ ಎನ್ನುತ್ತದೆ. ಎರಡನೆಯದು 14 ನಿಮಿಷ ಕೇಳುತ್ತದೆ. ನಂಬಿಕೆಯ ವಿಚಾರ ಬಿಟ್ಟರೆ ಮೊದಲನೆಯದೇ ಮೇಲು. ಆದರೆ ಏಜೆಂಟಿನ ಪುಸ್ತಕದಲ್ಲಿ ಮೊದಲನೆಯದರ ನಂಬಿಕೆ 0.5, ಎರಡನೆಯದರದು 0.95. ಕೆಲಸ ಕೆಟ್ಟರೆ ಮತ್ತೆ ಮೊದಲಿನಿಂದ ಮಾಡಿಸಬೇಕು. ನಂಬಿಕೆ 0.5 ಇದ್ದರೆ ಒಂದು ಸರಿಯಾದ ಉತ್ತರಕ್ಕೆ ಸರಾಸರಿ ಎರಡು ಪ್ರಯತ್ನ ಬೇಕು. ಹಾಗಾಗಿ ಮೊದಲನೆಯದು ತೆಗೆದುಕೊಳ್ಳುವ ಸರಾಸರಿ ಸಮಯ 20 ನಿಮಿಷ. ಎರಡನೆಯದಕ್ಕೆ 14ನ್ನು 0.95ರಿಂದ ಭಾಗಿಸಿದರೆ 14.7 ನಿಮಿಷ. ನಿಧಾನವೆಂದು ಕಂಡದ್ದೇ ನಿಜದಲ್ಲಿ ಬೇಗ. ಹೇಳಿದ ಮಾತಿಗಿಂತ ನಡೆದುಕೊಂಡ ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಸಮಯ ಉಳಿಯಿತು.

ಬೇರೆಯವರ ಮಾತು

ನನಗೆ ಅನುಭವವೇ ಇಲ್ಲದ ಗಣಕದ ಬಗ್ಗೆ ಏನು ಮಾಡಲಿ? ನೆರೆಯವರನ್ನು ಕೇಳಬೇಕು. ಬೇರೆಯವರ ಅನುಭವದಿಂದ ಕಟ್ಟಿಕೊಂಡ ನಂಬಿಕೆಗೆ ಹೆಸರುವಾಸಿ, ಖ್ಯಾತಿ ಎನ್ನುತ್ತೇವೆ. ಇದರ ಅಗತ್ಯ ಎದ್ದು ಕಂಡದ್ದು ಜನರು ನೇರವಾಗಿ ಪರಸ್ಪರ ಕಡತ ಹಂಚಿಕೊಳ್ಳುವ ಜಾಲಗಳಲ್ಲಿ. 2000ದಲ್ಲಿ ಅಡಾರ್ ಮತ್ತು ಹ್ಯೂಬರ್ಮನ್ ಎಂಬ ಇಬ್ಬರು ಸಂಶೋಧಕರು ನ್ಯುಟೆಲಾ ಎಂಬ ಜಾಲವನ್ನು ಅಳೆದು ನೋಡಿದರು. ಬಳಕೆದಾರರಲ್ಲಿ ನೂರಕ್ಕೆ ಸುಮಾರು 70 ಮಂದಿ ಒಂದು ಕಡತವನ್ನೂ ಹಂಚಿಕೊಳ್ಳುತ್ತಿರಲಿಲ್ಲ. ಒಟ್ಟು ಕೋರಿಕೆಗಳಲ್ಲಿ ಸುಮಾರು ಅರ್ಧಕ್ಕೆ ಉತ್ತರ ಕೊಡುತ್ತಿದ್ದವರು ನೂರಕ್ಕೆ ಒಬ್ಬರಷ್ಟೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

2001ರಲ್ಲಿ ಬ್ರಾಮ್ ಕೊಹೆನ್ ರೂಪಿಸಿದ ಬಿಟ್‌ಟೊರೆಂಟ್ ಇದಕ್ಕೆ ಕೊಡು-ಕೊಳ್ಳುವಿಕೆಯ ಪರಿಹಾರ ತಂದಿತು. ನನಗೆ ವೇಗವಾಗಿ ಕೊಡುವವರಿಗೆ ನಾನೂ ಕೊಡುತ್ತೇನೆ. ಜೊತೆಗೆ ಆಗಾಗ ಒಬ್ಬ ಹೊಸಬನಿಗೂ ಒಂದು ಅವಕಾಶ ಕೊಟ್ಟು ನೋಡುತ್ತೇನೆ. 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 'ಐಗನ್‌ಟ್ರಸ್ಟ್' ಎಂಬ ವಿಧಾನವನ್ನು ಪ್ರಕಟಿಸಿದರು. ಅದರ ತಿರುಳು ಹೀಗಿದೆ: ಯಾರ ಮಾತಿಗೆ ಎಷ್ಟು ಬೆಲೆ ಎಂಬುದು ಅವರ ಮೇಲೆ ಇತರರು ಇಟ್ಟಿರುವ ನಂಬಿಕೆಗೆ ತಕ್ಕಂತೆ. ಆ ಇತರರ ಮಾತಿನ ಬೆಲೆಯೂ ಅದೇ ರೀತಿ. ಸುತ್ತಿ ಸುತ್ತಿ ಬರುವ ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದರೆ ಸಂಖ್ಯೆಗಳು ಒಂದು ಹಂತದಲ್ಲಿ ಸ್ಥಿರವಾಗಿ ನಿಲ್ಲುತ್ತವೆ. ಕಾಲೇಜಿನಲ್ಲಿ ಮ್ಯಾಟ್ರಿಕ್ಸ್ ಓದಿದವರಿಗೆ ಹೆಸರಿನ ಮೊದಲ ಭಾಗ ಎಲ್ಲಿಂದ ಬಂತೆಂದು ಹೊಳೆದಿರಬೇಕು.

ಮೋಸ ಇಲ್ಲಿಯೂ ತಪ್ಪಿದ್ದಲ್ಲ. ಒಬ್ಬನೇ ನೂರು ಹೆಸರುಗಳಲ್ಲಿ ಸೇರಿ ತನ್ನನ್ನು ತಾನೇ ಹೊಗಳಿಕೊಳ್ಳಬಹುದು. ಗುರುತನ್ನು ಖಚಿತಪಡಿಸುವ ಒಂದು ಕೇಂದ್ರವಿಲ್ಲದೆ ಇದನ್ನು ಪೂರ್ಣವಾಗಿ ತಡೆಯುವುದು ಕಷ್ಟವೆಂದು ಜಾನ್ ಡೌಸರ್ 2002ರಲ್ಲಿ ತೋರಿಸಿದರು. ಇನ್ನು ಕೆಲವರು ಹೆಸರು ಕೆಟ್ಟಾಗ ಹೊಸ ಹೆಸರಿನಲ್ಲಿ ಮರಳುತ್ತಾರೆ. ಅದಕ್ಕೇ ಹೊಸಬರಿಗೆ ಆರಂಭದಲ್ಲಿ ಕಡಿಮೆ ನಂಬಿಕೆ. ಮತ್ತೂ ಕೆಲವರು ದೀರ್ಘಕಾಲ ಒಳ್ಳೆಯವರಂತೆ ನಟಿಸಿ ದೊಡ್ಡ ಕೆಲಸ ಸಿಕ್ಕಾಗ ಕೈಕೊಡುತ್ತಾರೆ. ಅದಕ್ಕೇ ಎಷ್ಟು ನಂಬಿಕೆ ಗಳಿಸಿದರೂ ತಾಳೆ ನೋಡುವುದು ಪೂರ್ತಿ ನಿಲ್ಲಬಾರದು.

ನಂಬಿಕೆಯೇ ಬೇಡವಾಗುವ ಕಡೆ

ಕೆಲವು ಲೆಕ್ಕಗಳಲ್ಲಿ ಉತ್ತರ ಹುಡುಕುವುದು ಕಷ್ಟ, ಪರಿಶೀಲಿಸುವುದು ಸುಲಭ. 8051ರ ಅಪವರ್ತನಗಳೇನು ಎಂದು ಕೇಳಿದರೆ ನಿಮಗೆ ಹೊತ್ತು ಬೇಕು. 83 ಮತ್ತು 97 ಎಂದು ಯಾರಾದರೂ ಹೇಳಿದರೆ, ಹೇಳಿದವರು ಯಾರೆಂದು ವಿಚಾರಿಸದೆಯೇ ಗುಣಿಸಿ ನೋಡಬಹುದು. 1996ರಿಂದ ನಡೆದಿರುವ 'ಗಿಂಪ್ಸ್' ಎಂಬ ಯೋಜನೆ ಮರ್ಸೆನ್ ಅವಿಭಾಜ್ಯಗಳೆಂಬ ಬೃಹತ್ ಸಂಖ್ಯೆಗಳನ್ನು ಹುಡುಕುತ್ತದೆ. 2024ರಲ್ಲಿ ಅದು ಕಂಡುಕೊಂಡ ಸಂಖ್ಯೆಯಲ್ಲಿ 4 ಕೋಟಿಗೂ ಹೆಚ್ಚು ಅಂಕಿಗಳಿವೆ. ಅಲ್ಲಿ ಬಹುಕಾಲ ಪ್ರತಿ ಸಂಖ್ಯೆಯನ್ನೂ ಇಬ್ಬರು ಪರೀಕ್ಷಿಸಬೇಕಿತ್ತು. 2020ರಲ್ಲಿ ಅದು ಹೊಸ ಗಣಿತ ವಿಧಾನವೊಂದನ್ನು ಅಳವಡಿಸಿಕೊಂಡಿತು. ಕೆಲಸ ಮಾಡಿದ ಗಣಕ ಉತ್ತರದ ಜೊತೆಗೆ ಒಂದು ಪುರಾವೆಯನ್ನೂ ಕಳಿಸುತ್ತದೆ. ಅದನ್ನು ಪರಿಶೀಲಿಸಲು ಬೇಕಾದ ಶ್ರಮ ಮೂಲ ಕೆಲಸದ ಅತ್ಯಲ್ಪ ಭಾಗ. ಪುರಾವೆ ಸಾಧ್ಯವಿರುವಲ್ಲಿ ನಂಬಿಕೆಯ ಅಂಕಕ್ಕಿಂತ ಪುರಾವೆಯೇ ಮೇಲು.

ಇದಕ್ಕೆ ವಿರುದ್ಧ ತುದಿಯಲ್ಲಿ, ಒಂದು ತಪ್ಪನ್ನೂ ಸಹಿಸಲಾಗದ ಕೆಲಸಗಳಿವೆ. ಹಣದ ಖಾತೆ, ವಿಮಾನದ ನಿಯಂತ್ರಣ ಇಂಥವು. ಇಲ್ಲಿ 'ಬಹುಮಟ್ಟಿಗೆ ನಂಬಬಹುದು' ಎಂಬ ಮಾತು ಸಾಲದು. ಲೆಸ್ಲಿ ಲ್ಯಾಂಪೋರ್ಟ್, ರಾಬರ್ಟ್ ಶೋಸ್ಟಾಕ್, ಮಾರ್ಷಲ್ ಪೀಸ್ 1982ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ಇದನ್ನು ಶತ್ರುನಗರವನ್ನು ಮುತ್ತಿದ ಸೇನಾಧಿಪತಿಗಳ ಒಗಟಾಗಿ ಹೇಳಿತು. ಬರೀ ಬಾಯಿಮಾತಿನ ಸಂದೇಶಗಳಿದ್ದಾಗ ಒಬ್ಬ ದ್ರೋಹಿಯನ್ನು ಮೀರಿ ಉಳಿದವರು ಒಮ್ಮತಕ್ಕೆ ಬರಬೇಕಾದರೆ ಒಟ್ಟು ನಾಲ್ವರಾದರೂ ಇರಬೇಕು. ಮೂವರು ಸಾಲದು. ಇಲ್ಲಿ ಖ್ಯಾತಿಗೆ ಕೆಲಸವಿಲ್ಲ. ಯಾರು ದ್ರೋಹಿಯಾದರೂ ವ್ಯವಸ್ಥೆ ನಿಲ್ಲಬೇಕು.

ಸಂಖ್ಯೆಯ ಹಿಂದೆ ಯಾರಿದ್ದಾರೆ?

ಏಜೆಂಟು ಯಾವಾಗಲೂ ಅತಿ ಹೆಚ್ಚು ಅಂಕದವರಿಗೇ ಕೆಲಸ ಕೊಡುತ್ತಾ ಹೋದರೆ ಏನಾಗುತ್ತದೆ? ಒಳ್ಳೆಯ ಹೆಸರಿನ ಗಣಕದ ಮುಂದೆ ಸಾಲು ಬೆಳೆದು ಅದೇ ನಿಧಾನವಾಗುತ್ತದೆ. ಹೊಸಬನಿಗೆ ಕೆಲಸವಿಲ್ಲ, ಕೆಲಸವಿಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ಕೆಲಸವಿಲ್ಲ. ಅದಕ್ಕಾಗಿ ಜಾಣ ಏಜೆಂಟು ಒಂದಿಷ್ಟು ಕೆಲಸವನ್ನು ಹೊಸಬರಿಗೆಂದೇ ತೆಗೆದಿಡುತ್ತದೆ. ಅದು ದಾನವಲ್ಲ. ನಾಳಿನ ಒಳ್ಳೆಯ ಗಣಕ ಯಾವುದೆಂದು ತಿಳಿಯಲು ಬೇರೆ ದಾರಿಯಿಲ್ಲ.

ಇನ್ನೊಂದು ಮಾತು. ಕಡಿಮೆ ಅಂಕ ಎಂದರೆ ಕಳ್ಳ ಎಂದರ್ಥವಲ್ಲ. ಆಗಾಗ ವಿದ್ಯುತ್ ಹೋಗುವ ಊರಿನ ಪ್ರಾಮಾಣಿಕ ಗಣಕದ ಅಂಕವೂ ಇಳಿಯುತ್ತದೆ. ಗಣಕಕ್ಕೆ ಇದರಿಂದ ನೋವಾಗದು. ಆದರೆ ಇದೇ ಬಗೆಯ ಅಂಕಗಳನ್ನು ಇಂದು ಟ್ಯಾಕ್ಸಿ ಓಡಿಸುವವರಿಗೆ, ಮನೆಬಾಗಿಲಿಗೆ ಊಟ ತಲುಪಿಸುವವರಿಗೂ ಕೊಡಲಾಗುತ್ತಿದೆ. ಅಂಕ ಏಕೆ ಇಳಿಯಿತೆಂದು ಕೇಳುವ ದಾರಿ ಅವರಿಗೆ ಇರಬೇಕಲ್ಲವೇ? ಭಾಷಾ ಮಾದರಿಗಳನ್ನು ಆಧರಿಸಿದ ಏಜೆಂಟುಗಳು ನಮ್ಮ ಪರವಾಗಿ ಪತ್ರ ಬರೆಯುವ, ಟಿಕೆಟ್ ಕಾಯ್ದಿರಿಸುವ ಈ ದಿನಗಳಲ್ಲಿ ಹಳೆಯ ಪ್ರಶ್ನೆ ಹೊಸದಾಗಿ ಎದುರಾಗಿದೆ: ಯಾವ ಕೆಲಸದಲ್ಲಿ ನಂಬಬೇಕು, ಎಷ್ಟು ನಂಬಬೇಕು, ಯಾವುದನ್ನು ನಾವೇ ತಾಳೆ ನೋಡಬೇಕು? ಉತ್ತರ ಎಲ್ಲ ಕೆಲಸಕ್ಕೂ ಒಂದೇ ಆಗಿರಲಾರದು.

ಮಾಡಿ ನೋಡಿ

ತರಗತಿಯಲ್ಲಿ ಹನ್ನೊಂದು ಜನ ಸೇರಿ. ಒಬ್ಬರು ಕೇಂದ್ರ, ಹತ್ತು ಮಂದಿ ಗಣಕಗಳು. ಎರಡಂಕಿಯ ಅರವತ್ತು ಗುಣಾಕಾರಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳಿ. ಆಟ ಆಡದ ಒಬ್ಬರು, ಹತ್ತರಲ್ಲಿ ಇಬ್ಬರಿಗೆ ಗುಟ್ಟಾಗಿ, ಪ್ರತಿ ಮೂರನೆಯ ಉತ್ತರವನ್ನು ತಪ್ಪಾಗಿ ಕೊಡಿ ಎಂದು ಹೇಳಲಿ.

ಮೊದಲ ಸುತ್ತಿನಲ್ಲಿ ಪ್ರತಿ ಲೆಕ್ಕವನ್ನೂ ಇಬ್ಬರಿಗೆ ಕೊಡಿ. ಉತ್ತರ ಹೊಂದದಿದ್ದರೆ ಮೂರನೆಯವರನ್ನು ಕೇಳಿ. ಒಟ್ಟು ಎಷ್ಟು ಗುಣಾಕಾರಗಳಾದವು, ಎಷ್ಟು ಹೊತ್ತಾಯಿತು, ಬರೆದುಕೊಳ್ಳಿ.

ಎರಡನೆಯ ಸುತ್ತಿಗೆ ಹೊಸ ಅರವತ್ತು ಲೆಕ್ಕ. ಸತತವಾಗಿ ಐದು ಸರಿ ಉತ್ತರ ಕೊಡುವ ತನಕ ಒಬ್ಬರ ಎಲ್ಲ ಉತ್ತರಗಳನ್ನೂ ತಾಳೆ ನೋಡಿ. ಆಮೇಲೆ ಪ್ರತಿ ಉತ್ತರಕ್ಕೂ ದಾಳ ಹಾಕಿ, ಆರು ಬಿದ್ದರೆ ಮಾತ್ರ ತಾಳೆ ನೋಡಿ. ತಪ್ಪು ಸಿಕ್ಕರೆ ಎಣಿಕೆ ಸೊನ್ನೆಗೆ. ಕೊನೆಯಲ್ಲಿ ಗುಣಾಕಾರಗಳ ಸಂಖ್ಯೆಯನ್ನು ಮೊದಲ ಸುತ್ತಿನೊಡನೆ ಹೋಲಿಸಿ. ನುಸುಳಿಹೋದ ತಪ್ಪುಗಳಿವೆಯೇ ಎಂದೂ ಎಣಿಸಿ.

ಯೋಚಿಸಿ

1. ಆ ಇಬ್ಬರು ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಕೊಟ್ಟರೆ ಯಾವ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ?

2. ಲಾಪ್ಲಾಸ್ ನಿಯಮದ ಪ್ರಕಾರ, ಒಂದೂ ತಪ್ಪಿಲ್ಲದೆ 0.95 ನಂಬಿಕೆ ಗಳಿಸಲು ಎಷ್ಟು ಸಲ ಸರಿಯಾಗಬೇಕು?

3. ಬೇಕೆಂದೇ ತಪ್ಪಿದವರನ್ನೂ ಗಡಿಬಿಡಿಯಲ್ಲಿ ತಪ್ಪಿದವರನ್ನೂ ಅಂಕ ಒಂದರಿಂದಲೇ ಬೇರ್ಪಡಿಸಬಹುದೇ? ಬೇರೆ ಯಾವ ಮಾಹಿತಿ ಬೇಕು?